ಉಸಿರಿನ ಲಯ, ಪೊಲೀಸನ ಸ್ಥೈರ್ಯ

ಕೊಟ್ಟೂರಿನ ಜಾತ್ರೆಯಲ್ಲಿ 2017ರಲ್ಲಿ ತೇರೇ ಉರುಳಿಬಿದ್ದಿತು. ಹಡಗಲಿ ತಾಲ್ಲೂಕಿನ ಮೈಲಾರದಲ್ಲಿ ಕಾರಣಿಕವನ್ನು ಕೇಳಲು ಲಕ್ಷಾಂತರ ಜನ ನೆರೆಯುತ್ತಾರೆ. ಇಂಥ ಸಂದಣಿಯ ನಡುವೆ ಅಪಾಯವೊದಗಿದಾಗ ಕಾವಲು ನಿಂತ ಪೊಲೀಸನ ದೇಹದಲ್ಲಿ ಏನಾಗುತ್ತದೆ?

ಮೂತ್ರಪಿಂಡಗಳ ಮೇಲಿರುವ ಅಡ್ರಿನಲ್ ಗ್ರಂಥಿಗಳು ಅಡ್ರಿನಲಿನನ್ನು ರಕ್ತಕ್ಕೆ ಸ್ರವಿಸುತ್ತವೆ. ಎದೆಬಡಿತ ಏರುತ್ತದೆ, ಸ್ನಾಯುಗಳು ಬಿಗಿಯುತ್ತವೆ. ಕಾದಾಡಲು ಅಥವಾ ಓಡಲು ದೇಹ ನಡೆಸುವ ಈ ಸಿದ್ಧತೆಯನ್ನು ಅಮೆರಿಕದ ವಾಲ್ಟರ್ ಕ್ಯಾನನ್ 1915ರಲ್ಲಿ ವಿವರಿಸಿದನು. ಆದರೆ ಪೊಲೀಸನು ಓಡುವಂತಿಲ್ಲ, ಸಿಟ್ಟಿನಿಂದ ಹೊಡೆಯುವಂತೆಯೂ ಇಲ್ಲ, ನಿಂತು ಯೋಚಿಸಬೇಕು.

ಉಪಾಯವೇನು? ಎದೆಬಡಿತವನ್ನು ನಾವು ನೇರವಾಗಿ ಆಳಲಾರೆವು, ಉಸಿರನ್ನು ಆಳಬಲ್ಲೆವು. ಉಸಿರು ಬಿಡುವಾಗ ವೇಗಸ್ ನರದ ಪ್ರಭಾವ ಹೆಚ್ಚಿ ಎದೆಬಡಿತ ತುಸು ತಗ್ಗುತ್ತದೆ. ನಿಮಿಷಕ್ಕೆ ಸುಮಾರು 6 ಬಾರಿ ಉಸಿರಾಡಿದರೆ, ರಕ್ತದೊತ್ತಡವನ್ನು ಸರಿದೂಗಿಸುವ ದೇಹದ ಸಹಜ ಲಯಕ್ಕೆ ಅದು ಹೊಂದುತ್ತದೆ. ಉಯ್ಯಾಲೆಯನ್ನು ಅದರ ಲಯವರಿತು ನೂಕಿದಂತೆ. ಭೌತವಿಜ್ಞಾನದಲ್ಲಿ ಇದೇ ಅನುರಣನೆ.

ಚೀನದ ತೈ ಚಿ ಕಲೆ ಇಂಥ ನಿಧಾನದ ಉಸಿರಿಗೆ ಚಲನೆಯನ್ನು ಜೋಡಿಸುತ್ತದೆ. ಮಂಡಿ ಬಾಗಿಸಿ, ಗುರುತ್ವಕೇಂದ್ರವನ್ನು ತಗ್ಗಿಸಿ, ಮೈಭಾರವನ್ನು ಒಂದು ಕಾಲಿನಿಂದ ಮತ್ತೊಂದಕ್ಕೆ ಮೆಲ್ಲನೆ ಸಾಗಿಸಬೇಕು. ಆತುರಗಾರನಿಗೆ ಇದು ಒಲಿಯದು. ಜನಸಾಮಾನ್ಯರಿಗಾಗಿ 24 ಭಂಗಿಗಳ ಸರಳ ಕ್ರಮವನ್ನು ಚೀನದಲ್ಲಿ 1956ರಲ್ಲಿ ರೂಪಿಸಲಾಯಿತು.

ಕೂಡ್ಲಿಗಿ, ಹಗರಿಬೊಮ್ಮನಹಳ್ಳಿ, ಹರಪನಹಳ್ಳಿಗಳ ಮೈದಾನಗಳಲ್ಲಿ ಪೊಲೀಸ್ ನೇಮಕಾತಿಗಾಗಿ 1600 ಮೀಟರ್ ಓಟವನ್ನು ಅಭ್ಯಸಿಸುವ ತರುಣರೇ, ಒಂದು ಪ್ರಯೋಗ ಮಾಡಿ ನೋಡಿರಿ. ಒಂದು ದಿನ ಓಟದ ಬಳಿಕ 5 ನಿಮಿಷ ಸುಮ್ಮನೆ ಕುಳಿತು ನಾಡಿ ಎಣಿಸಿರಿ. ಮರುದಿನ ಅಷ್ಟೇ ಓಡಿ, ಏದುಸಿರು ಇಳಿದೊಡನೆ ಉಸಿರನ್ನು ನಿಧಾನವಾಗಿ ನಡೆಸಿ, ಅಷ್ಟೇ ಹೊತ್ತಿಗೆ ಎಣಿಸಿರಿ. ಹಲವು ದಿನ ಹೀಗೆ ಹೋಲಿಸಿದ ಮೇಲೆ ನಿಮ್ಮ ನಾಡಿಯೇ ಉತ್ತರ ಹೇಳಲಿ.