ಗೀಳು ಕಾಯಿಲೆಯ ಮಾತ್ರೆ: ನಡುವೆ ನಿಲ್ಲದಿರಲು ಕಾನೂನು ಏನು ಕೊಟ್ಟಿದೆ?

“ಈ ಕಂಪನಿದು ಖಾಲಿ. ಅದೇ ಥರದ್ದು ಇನ್ನೊಂದಿದೆ, ಕೊಡ್ಲಾ?” ಮೆಡಿಕಲ್ ಶಾಪಿನ ಮುಂದೆ ನಿಂತವರೆಲ್ಲ ಒಂದಲ್ಲ ಒಂದು ದಿನ ಈ ಮಾತು ಕೇಳಿರುತ್ತಾರೆ. ‘ಆಯ್ತು ಕೊಡಿ’ ಎಂದೂ ಹೇಳಿರುತ್ತಾರೆ. ಗೀಳು ಕಾಯಿಲೆಗೆ, ಅಂದರೆ ಒಸಿಡಿಗೆ, ಔಷಧ ತೆಗೆದುಕೊಳ್ಳುವವರ ಮಟ್ಟಿಗೆ ಅಂಗಡಿಯವರ ಈ ಉಪಕಾರಕ್ಕೆ ಕಾನೂನಿನ ಒಪ್ಪಿಗೆ ಇಲ್ಲ. ಫ್ಲುಆಕ್ಸೆಟಿನ್, ಫ್ಲುವಾಕ್ಸಮಿನ್, ಸರ್ಟ್ರಲಿನ್, ಎಸ್ಸಿಟಲೋಪ್ರಾಮ್, ಹಳೆಯ ಕಾಲದ ಕ್ಲೊಮಿಪ್ರಮಿನ್ ಇವೆಲ್ಲ 1945ರ ಔಷಧ ನಿಯಮಗಳ ಷೆಡ್ಯೂಲ್ ಎಚ್ ಪಟ್ಟಿಗೆ ಸೇರಿದವು. ಈ ಪಟ್ಟಿಯ ಔಷಧವನ್ನು ವೈದ್ಯರ ಚೀಟಿ ಇಲ್ಲದೆ ಮಾರುವಂತಿಲ್ಲ. ಚೀಟಿಯಲ್ಲಿ ಬರೆದದ್ದರ ಬದಲಿಗೆ, ಒಳಗಿನ ಔಷಧ ಅದೇ ಆಗಿದ್ದರೂ, ಬೇರೆ ತಯಾರಿಕೆಯನ್ನು ಅಂಗಡಿಯವರು ತಾವಾಗಿ ಕೊಡುವಂತಿಲ್ಲ. ನಿಯಮ 65 ಇದನ್ನು ನೇರವಾಗಿಯೇ ಹೇಳುತ್ತದೆ.

ಹಾಗಾದರೆ ಕಡಿಮೆ ಬೆಲೆಯ ಜನೌಷಧಿ ಕೇಂದ್ರಕ್ಕೆ ಹೋಗುವುದು ಹೇಗೆ? ವೈದ್ಯರು ಬ್ರ್ಯಾಂಡ್ ಹೆಸರಿನ ಬದಲು ಔಷಧದ ಮೂಲ ಹೆಸರನ್ನು ಬರೆದರೆ ಸಾಕು. ವೈದ್ಯರಿಗಾಗಿ 2002ರಲ್ಲಿ ಬಂದ ವೃತ್ತಿ ನಡವಳಿಕೆಯ ನಿಯಮಾವಳಿಯೂ ಮೂಲ ಹೆಸರನ್ನು ಓದಲು ಬರುವ ಅಕ್ಷರದಲ್ಲಿ ಬರೆಯಿರಿ ಎನ್ನುತ್ತದೆ. ಕೇಳಲು ಸಂಕೋಚ ಬೇಡ. ಚೀಟಿಯ ಮೇಲೆ ನಿಮ್ಮ ಹೆಸರು, ವಿಳಾಸ, ಮಾತ್ರೆಯ ಪ್ರಮಾಣ, ಒಟ್ಟು ಎಷ್ಟು ಮಾತ್ರೆ, ವೈದ್ಯರ ಸಹಿ ಮತ್ತು ತಾರೀಖು ಇರಬೇಕು. ಇನ್ನೊಂದು ಸಂಗತಿ ಬಹಳ ಜನರಿಗೆ ಗೊತ್ತಿಲ್ಲ. ಇಷ್ಟು ಸಲ ಕೊಡಬಹುದು ಎಂದು ವೈದ್ಯರು ಬರೆಯದಿದ್ದರೆ ಒಂದು ಚೀಟಿಗೆ ಒಂದೇ ಸಲ ಔಷಧ. ವರ್ಷದ ಹಿಂದಿನ ಚೀಟಿ ತೋರಿಸಿ ತಿಂಗಳು ತಿಂಗಳು ಮಾತ್ರೆ ತರುವುದು ನಮ್ಮೂರುಗಳಲ್ಲಿ ನಡೆಯುತ್ತದೆ, ನಿಜ. ನಡೆಯುತ್ತದೆ ಎಂದ ಮಾತ್ರಕ್ಕೆ ಸರಿಯಲ್ಲ. ದೂರದ ಊರಿನವರಾಗಿದ್ದರೆ ‘ಮೂರು ತಿಂಗಳು, ತಿಂಗಳಿಗೊಮ್ಮೆ’ ಎಂದು ಬರೆಸಿಕೊಂಡೇ ಹೊರಡಿ.

ಇಷ್ಟು ಕಟ್ಟುನಿಟ್ಟು ಯಾಕೆ ಬೇಕು? ಈ ಕಾಯಿಲೆಯ ಚಿಕಿತ್ಸೆ ಕೆಡುವುದು ಹೆಚ್ಚಾಗಿ ಮಾತ್ರೆಯಿಂದಲ್ಲ, ಮಾತ್ರೆ ನಡುವೆ ನಿಲ್ಲುವುದರಿಂದ. ಕೈ ತೊಳೆದಷ್ಟೂ ತೊಳೆಯಬೇಕೆನಿಸುವುದು, ಗ್ಯಾಸ್ ಆರಿಸಿದೆನೇ, ಬೀಗ ಹಾಕಿದೆನೇ ಎಂದು ಹತ್ತು ಬಾರಿ ನೋಡುವುದು, ಬೇಡವೆಂದರೂ ನುಗ್ಗುವ ಕೆಟ್ಟ ಯೋಚನೆ, ಇವು ವರ್ಷಗಟ್ಟಲೆ ಇದ್ದರೂ ಮನೆಯವರಿಗೆ ಕಾಯಿಲೆ ಎನಿಸುವುದಿಲ್ಲ. ‘ಅವರದು ಸ್ವಲ್ಪ ಮಡಿ ಜಾಸ್ತಿ’ ಎಂದು ಎಷ್ಟೋ ಮನೆಗಳಲ್ಲಿ ಮುಚ್ಚಿಹೋಗಿದೆ. ಕೊನೆಗೆ ವೈದ್ಯರ ಬಳಿ ಬಂದಾಗ ನಾಲ್ಕು ದಿನದಲ್ಲಿ ಗುಣವಾಗಬೇಕೆಂಬ ಆತುರ. ಗೀಳಿಗೆ ಕೊಡುವ ಪ್ರಮಾಣ ಸಾಮಾನ್ಯವಾಗಿ ಖಿನ್ನತೆಗೆ ಕೊಡುವುದಕ್ಕಿಂತ ಹೆಚ್ಚು. ಔಷಧ ಫಲಿಸುತ್ತಿದೆಯೇ ಇಲ್ಲವೇ ಎಂದು ತೀರ್ಮಾನಿಸಲು 10ರಿಂದ 12 ವಾರ ಬೇಕು. ಹೊಟ್ಟೆ ತೊಳಸುವುದು, ನಿದ್ದೆಯ ಏರುಪೇರಿನಂಥ ಅಡ್ಡಪರಿಣಾಮಗಳು ಮಾತ್ರ ಮೊದಲ ವಾರದಲ್ಲೇ ಬರುತ್ತವೆ. ತೊಂದರೆ ಮೊದಲು, ಲಾಭ ಆಮೇಲೆ. ಇದನ್ನು ಮೊದಲೇ ಹೇಳದಿದ್ದರೆ ಯಾರಾದರೂ ಬಿಟ್ಟೇಬಿಡುತ್ತಾರೆ.

ಹೇಳಿಸಿಕೊಳ್ಳುವುದು ನಿಮ್ಮ ಹಕ್ಕು. 2018ರ ಮೇ 29ರಿಂದ ಜಾರಿಯಲ್ಲಿರುವ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ, 2017ರ ಸೆಕ್ಷನ್ 22ರ ಪ್ರಕಾರ ಕಾಯಿಲೆ ಯಾವುದು, ಯಾವ ಚಿಕಿತ್ಸೆ, ಗೊತ್ತಿರುವ ಅಡ್ಡಪರಿಣಾಮಗಳು ಏನು ಎಂಬುದನ್ನು ರೋಗಿಗೆ ಅರ್ಥವಾಗುವ ಭಾಷೆಯಲ್ಲಿ ತಿಳಿಸಬೇಕು. ಹೊರರೋಗಿ ವಿಭಾಗದ ಉದ್ದನೆಯ ಸಾಲು ನೋಡಿದರೆ ವೈದ್ಯರ ಮೇಲೂ ಕನಿಕರ ಬರುತ್ತದೆ, ಆದರೂ ಕೇಳಿಯೇ ಏಳಬೇಕು. ನಾಲ್ಕು ಪ್ರಶ್ನೆ ಸಾಕು: ಪ್ರಮಾಣ ಯಾವಾಗ ಏರಿಸುತ್ತೀರಿ, ಒಂದು ಹೊತ್ತು ತಪ್ಪಿದರೆ ಏನು ಮಾಡಲಿ, ಯಾವ ಲಕ್ಷಣ ಕಂಡರೆ ಕೂಡಲೇ ಬರಲಿ, ನಿಲ್ಲಿಸುವಾಗ ಹೇಗೆ ಇಳಿಸುತ್ತೀರಿ. ಕೊನೆಯ ಪ್ರಶ್ನೆ ಮುಖ್ಯ. ಗುಣ ಕಂಡ ಮೇಲೂ ಒಂದೆರಡು ವರ್ಷ ಔಷಧ ಮುಂದುವರಿಸುವುದು ವಾಡಿಕೆ. ನಂತರ ತಿಂಗಳುಗಟ್ಟಲೆ ಮೆಲ್ಲಗೆ ಇಳಿಸುತ್ತಾರೆ. ಪ್ಯಾರಾಕ್ಸೆಟಿನ್, ಕ್ಲೊಮಿಪ್ರಮಿನ್‌ಗಳನ್ನು ದಿಢೀರನೆ ಬಿಟ್ಟರೆ ತಲೆಸುತ್ತು, ವಾಕರಿಕೆ, ತಲೆಯೊಳಗೆ ಕರೆಂಟ್ ಹೊಡೆದಂಥ ಅನುಭವ ಬರಬಹುದು. ಇದನ್ನೇ ನೋಡಿ ‘ಚಟ ಹತ್ತಿಬಿಟ್ಟಿದೆ’ ಎನ್ನುತ್ತಾರೆ. ಇವು ಚಟ ಹಿಡಿಸುವ ಮಾತ್ರೆಗಳಲ್ಲ. ಆತಂಕಕ್ಕೆಂದು ಜೊತೆಗೆ ಕೊಡುವ ಆಲ್‌ಪ್ರಜೋಲಮ್‌ನಂಥವುಗಳ ಕತೆ ಬೇರೆ. ಅದಕ್ಕೇ ಅದು ಷೆಡ್ಯೂಲ್ ಎಚ್1ರಲ್ಲಿದೆ. ಕೊಂಡವರ ಹೆಸರು, ವೈದ್ಯರ ಹೆಸರು, ಪ್ರಮಾಣ ಎಲ್ಲವನ್ನೂ ಅಂಗಡಿಯವರು ಪ್ರತ್ಯೇಕ ಪುಸ್ತಕದಲ್ಲಿ ಬರೆದು ಮೂರು ವರ್ಷ ಕಾಯ್ದಿಡಬೇಕು.

ನುಂಗಿದೆನೋ ಇಲ್ಲವೋ

ಗೀಳು ಮಾತ್ರೆಯನ್ನೂ ಬಿಡುವುದಿಲ್ಲ. ನುಂಗಿದ ಐದೇ ನಿಮಿಷಕ್ಕೆ ಅನುಮಾನ, ಇನ್ನೊಂದು ನುಂಗಿಬಿಡಲೇ ಎಂಬ ಯೋಚನೆ. ಕೆಲವರಿಗೆ ಸ್ಟ್ರಿಪ್ ಮುಟ್ಟಿದ ಕೈ ಶುದ್ಧವೇ ಎಂಬ ಚಿಂತೆ. ವಾರದ ಏಳು ದಿನಕ್ಕೆ ಏಳು ಖಾನೆ ಇರುವ ಮಾತ್ರೆ ಡಬ್ಬಿ ಇಲ್ಲಿ ಒಳ್ಳೆಯ ಉಪಾಯ. ಖಾನೆ ಖಾಲಿಯಾಗಿದ್ದರೆ ನುಂಗಿ ಆಗಿದೆ, ಪ್ರಶ್ನೆ ಅಲ್ಲಿಗೆ ಮುಗಿಯಿತು. ಮರೆತ ಹೊತ್ತಿನ ಲೆಕ್ಕ ತುಂಬಲು ಎರಡು ಮಾತ್ರೆ ಒಟ್ಟಿಗೆ ನುಂಗಬಾರದು. ‘ನಾನು ನುಂಗಿದ್ದು ನೋಡಿದಿರಾ?’ ಎಂದು ಮತ್ತೆ ಮತ್ತೆ ಕೇಳಿದಾಗ ಮನೆಯವರು ಪ್ರತಿ ಸಲ ‘ಹೌದಪ್ಪ’ ಎನ್ನುತ್ತ ಹೋದರೆ ಗೀಳಿಗೇ ಊಟ ಹಾಕಿದಂತೆ. ಇದನ್ನೂ ವೈದ್ಯರಿಗೆ ಹೇಳಬೇಕು. ಮಾತ್ರೆಯ ಜೊತೆ ಕೊಡುವ ವರ್ತನಾ ಚಿಕಿತ್ಸೆ ಇಂಥದ್ದನ್ನೇ ಬಿಡಿಸುತ್ತದೆ.

ಬೇರೆ ಔಷಧಗಳ ಜೊತೆ ಸೇರಿದಾಗ ಎಚ್ಚರ ಬೇಕು. ಮೂಳೆ ವೈದ್ಯರು ಕೊಡುವ ಟ್ರಮಡಾಲ್, ಕೆಮ್ಮಿನ ಸಿರಪ್ಪಿನಲ್ಲಿರುವ ಡೆಕ್ಸ್ಟ್ರೊಮೆಥಾರ್ಫನ್, ಲಿನೆಜೋಲಿಡ್ ಎಂಬ ಪ್ರತಿಜೀವಕ ಇವು ಗೀಳಿನ ಮಾತ್ರೆಯ ಜೊತೆ ಸೇರಿ ಮೈಯಲ್ಲಿ ಸೆರೊಟೋನಿನ್ ಮಿತಿಮೀರುವಂತೆ ಮಾಡಬಹುದು. ಫ್ಲುವಾಕ್ಸಮಿನ್ ತೆಗೆದುಕೊಳ್ಳುವವರು ಬೆನ್ನುನೋವಿನ ಟಿಜಾನಿಡಿನ್ ಮುಟ್ಟಲೇಬಾರದು. ಹೊಸ ಔಷಧ ಸೇರಿದ ಮೇಲೆ ಜ್ವರ, ಬೆವರು, ನಡುಕ, ಚಡಪಡಿಕೆ, ಎದೆಬಡಿತ ಒಟ್ಟಿಗೆ ಕಂಡರೆ ಬೆಳಗಾಗಲಿ ಎಂದು ಕಾಯದೆ ಆಸ್ಪತ್ರೆಗೆ ಹೋಗಿ. ಎಳೆಯ ವಯಸ್ಸಿನವರಲ್ಲಿ, ವಿಶೇಷವಾಗಿ 25ರ ಒಳಗಿನವರಲ್ಲಿ, ಮೊದಲ ಕೆಲವು ವಾರ ಸಾಯುವ ಯೋಚನೆ ಹೆಚ್ಚುತ್ತಿದೆಯೇ ಎಂದು ಮನೆಯವರು ಗಮನಿಸಬೇಕು. ಹಾಗಿದ್ದರೆ ರಾತ್ರಿ ಹಗಲು ಉಚಿತವಾಗಿ ಸಿಗುವ ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು. ಗರ್ಭಿಣಿಯಾದ ಸುದ್ದಿ ಸಿಕ್ಕ ದಿನವೇ ಮಾತ್ರೆ ಬಿಸಾಡುವವರಿದ್ದಾರೆ. ಹಾಗೆ ಮಾಡಬೇಡಿ. ಮುಂದುವರಿಸುವುದೋ ಬದಲಿಸುವುದೋ ಎಂಬುದು ವೈದ್ಯರೊಂದಿಗೆ ಕೂತು ತೀರ್ಮಾನಿಸುವ ವಿಷಯ.

ಸಾರಿನಲ್ಲಿ ಕಲಸಿದ ಮಾತ್ರೆ

ಈ ವಿಷಯವನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಮಗ ಮಾತ್ರೆ ಒಲ್ಲೆ ಎಂದ. ಅಮ್ಮ ಪುಡಿ ಮಾಡಿ ಸಾರಿಗೋ ಮಜ್ಜಿಗೆಗೋ ಬೆರೆಸಿದರು. ಪ್ರೀತಿಯಿಂದಲೇ ಮಾಡಿದ್ದು, ಅದರಲ್ಲಿ ಅನುಮಾನವಿಲ್ಲ. ಕಾಯ್ದೆಯ ಕಣ್ಣಿನಲ್ಲಿ ಮಾತ್ರ ಅದು ಒಪ್ಪಿಗೆಯಿಲ್ಲದ ಚಿಕಿತ್ಸೆ. ಸೆಕ್ಷನ್ 4ರ ಪ್ರಕಾರ ವಿಷಯ ಅರ್ಥಮಾಡಿಕೊಂಡು, ಅದರ ಪರಿಣಾಮ ತೂಗಿ, ತನ್ನ ನಿರ್ಧಾರ ತಿಳಿಸಬಲ್ಲ ವ್ಯಕ್ತಿಗೆ ತನ್ನ ಚಿಕಿತ್ಸೆಯ ತೀರ್ಮಾನ ಮಾಡುವ ಸಾಮರ್ಥ್ಯ ಇದೆ. ಆ ತೀರ್ಮಾನ ಬೇರೆಯವರಿಗೆ ತಪ್ಪೆನಿಸಿತು ಎಂಬ ಕಾರಣಕ್ಕೆ ಸಾಮರ್ಥ್ಯ ಇಲ್ಲವೆನ್ನುವಂತಿಲ್ಲ. ಗೀಳಿನವರಲ್ಲಿ ಬಹುಪಾಲು ಜನಕ್ಕೆ ತಮ್ಮ ಯೋಚನೆ ಅತಿಯಾದದ್ದು ಎಂಬ ಅರಿವೂ ಇರುತ್ತದೆ. ಕಾನೂನು ಬದಿಗಿರಲಿ, ಅನ್ನದಲ್ಲಿ ಏನೋ ಬೆರೆತಿದೆ ಎಂದು ಮೊದಲೇ ಹೆದರುವವನಿಗೆ ನಿಜವಾಗಿಯೂ ಏನೋ ಬೆರೆಸಿದ್ದಾರೆಂದು ಗೊತ್ತಾದರೆ? ಆಮೇಲೆ ಆ ಮನೆಯ ಊಟವನ್ನು ಅವನು ಮುಟ್ಟುತ್ತಾನೆಯೇ? ಇನ್ನು, ಗುಟ್ಟಾಗಿ ಕೊಟ್ಟದ್ದು ಗೊತ್ತಿಲ್ಲದೆ ಅವನು ಹೊರಗೆ ಇನ್ನೊಂದು ಔಷಧ ನುಂಗಿದರೆ ಅಪಾಯ ಎರಡು ಪಟ್ಟು.

ಬದಲಿಗೆ ಕಾಯ್ದೆಯಲ್ಲೇ ದಾರಿಗಳಿವೆ. ಸೆಕ್ಷನ್ 14ರಂತೆ ತಾನು ನಂಬುವವರೊಬ್ಬರನ್ನು ನಾಮನಿರ್ದೇಶಿತ ಪ್ರತಿನಿಧಿಯಾಗಿ ಬರೆದಿಡಬಹುದು. ಸೆಕ್ಷನ್ 5ರಂತೆ, ಮುಂದೆ ತನ್ನ ಬುದ್ಧಿ ಕೈಕೊಟ್ಟರೆ ಯಾವ ಚಿಕಿತ್ಸೆ ಬೇಕು, ಯಾವುದು ಬೇಡ ಎಂದು ಮುಂಗಡ ನಿರ್ದೇಶನ ಮಾಡಿಡಬಹುದು. ‘ಕ್ಲೊಮಿಪ್ರಮಿನ್‌ನಿಂದ ನನಗೆ ಫಿಟ್ಸ್ ಬಂದಿತ್ತು, ಕೊಡಬೇಡಿ’ ಎಂಬಂಥ ಒಂದು ಸಾಲು ಅದರಲ್ಲಿದ್ದರೆ ಅದರ ಬೆಲೆ ದೊಡ್ಡದು.

ದುಡ್ಡಿಲ್ಲದೆ ಔಷಧ ನಿಂತರೆ

ಸೆಕ್ಷನ್ 18 ನೆನಪಿಡಿ. ಸಮುದಾಯ ಆರೋಗ್ಯ ಕೇಂದ್ರದಿಂದ ಹಿಡಿದು ಮೇಲಿನ ಎಲ್ಲ ಸರ್ಕಾರಿ ಆಸ್ಪತ್ರೆಗಳಲ್ಲಿ ಅಗತ್ಯ ಔಷಧಗಳ ಪಟ್ಟಿಯಲ್ಲಿರುವ ಮನೋರೋಗದ ಔಷಧ ಎಲ್ಲ ಕಾಲಕ್ಕೂ ಉಚಿತವಾಗಿ ಸಿಗಬೇಕು. ರಾಷ್ಟ್ರೀಯ ಪಟ್ಟಿಯಲ್ಲಿ ಫ್ಲುಆಕ್ಸೆಟಿನ್ ಇದೆ. ಬಡತನ ರೇಖೆಗಿಂತ ಕೆಳಗಿರುವವರಿಗೆ ಕಾರ್ಡ್ ಇಲ್ಲದಿದ್ದರೂ ಸರ್ಕಾರಿ ಚಿಕಿತ್ಸೆ ಉಚಿತ. ಕರ್ನಾಟಕದಲ್ಲಿ ಮನೋಚೈತನ್ಯ ಕಾರ್ಯಕ್ರಮದಡಿ ಮಂಗಳವಾರಗಳಂದು ತಾಲ್ಲೂಕು ಆಸ್ಪತ್ರೆಗಳಿಗೆ ಮನೋವೈದ್ಯರು ಬರುವ ಏರ್ಪಾಡಿದೆ. ಬೆಂಗಳೂರಿನ ನಿಮ್ಹಾನ್ಸ್, ಧಾರವಾಡದ ಡಿಮ್ಹಾನ್ಸ್ ತನಕ ಪ್ರತಿ ತಿಂಗಳು ಬಸ್ಸು ಹತ್ತುವ ಮೊದಲು ನಿಮ್ಮ ತಾಲ್ಲೂಕಿನ ಮಂಗಳವಾರವನ್ನು ವಿಚಾರಿಸಿ. ‘ಸ್ಟಾಕ್ ಇಲ್ಲ’ ಎಂದರೆ ಸುಮ್ಮನೆ ಹಿಂದಿರುಗಬೇಡಿ, ಹಾಗೆಂದು ಚೀಟಿಯ ಮೇಲೆ ಬರೆದುಕೊಡಲು ಕೇಳಿ. ದೂರಿಗೆ ಅದೇ ದಾಖಲೆ.

ಊರು ಬದಲಾದಾಗ ಹಳೆಯ ಆಸ್ಪತ್ರೆಯ ಕಡತ ಬೇಕಾಗುತ್ತದೆ. ಯಾವ ಔಷಧ ಎಷ್ಟು ಕಾಲ ಕೊಟ್ಟರು, ಯಾವುದು ಫಲಿಸಲಿಲ್ಲ ಎಂಬುದು ಗೊತ್ತಿಲ್ಲದಿದ್ದರೆ ಹೊಸ ವೈದ್ಯರು ಮೊದಲಿನಿಂದ ಶುರುಮಾಡಬೇಕಾಗುತ್ತದೆ. ಸೆಕ್ಷನ್ 25 ಮತ್ತು 2018ರ ನಿಯಮಗಳಂತೆ ಲಿಖಿತ ಅರ್ಜಿ ಕೊಟ್ಟ 15 ದಿನದೊಳಗೆ ಮೂಲಭೂತ ವೈದ್ಯಕೀಯ ದಾಖಲೆ ಸಿಗಬೇಕು.

ಕೊಲ್ಲಿ ದೇಶಗಳಿಗೆ ಹೋಗುವ ಕರಾವಳಿಯವರಿಗೆ ಒಂದು ಮಾತು: ಅಲ್ಲಿನ ಮನೋರೋಗ ಔಷಧಗಳ ನಿಯಂತ್ರಣ ಬಿಗಿ. ಹೊರಡುವ ಮೊದಲೇ ಆ ದೇಶದ ಆರೋಗ್ಯ ಇಲಾಖೆಯ ಅನುಮತಿ ಬೇಕೇ ಎಂದು ನೋಡಿಕೊಳ್ಳಿ. ಮೂಲ ಪೆಟ್ಟಿಗೆ, ವೈದ್ಯರ ಪತ್ರ ಕೈಚೀಲದಲ್ಲಿರಲಿ.

ಕೆಲಸ, ಮದುವೆ, ವಿಮೆ

ಮಾತ್ರೆ ನಿಲ್ಲಲು ಅಡ್ಡಪರಿಣಾಮದಷ್ಟೇ ದೊಡ್ಡ ಕಾರಣ ಮರ್ಯಾದೆಯ ಭಯ. ಮದುವೆಗೆ ಮುಂಚೆ ‘ಗಂಡಿನ ಕಡೆಯವರಿಗೆ ಗೊತ್ತಾಗದಿರಲಿ’ ಎಂದು ಮಗಳ ಮಾತ್ರೆ ನಿಲ್ಲಿಸುವ ತಂದೆತಾಯಿ ಎರಡು ಕಡೆಯಿಂದ ಸೋಲುತ್ತಾರೆ. ಕಾಯಿಲೆ ಮರುಕಳಿಸುತ್ತದೆ. ಮುಖ್ಯ ಸಂಗತಿ ಮುಚ್ಚಿಟ್ಟರೆಂದು ಹಿಂದೂ ವಿವಾಹ ಕಾಯ್ದೆಯ ಸೆಕ್ಷನ್ 12ರಡಿ ಆಕ್ಷೇಪಿಸಲು ಎದುರಿನವರಿಗೆ ದಾರಿಯೂ ಆಗಬಹುದು. ಮಾತ್ರೆ ತೆಗೆದುಕೊಳ್ಳುತ್ತಾರೆ ಎಂಬುದೊಂದೇ ವಿಚ್ಛೇದನಕ್ಕೆ ಆಧಾರವಲ್ಲ. ಜೊತೆಗೆ ಬಾಳುವುದನ್ನು ನಿರೀಕ್ಷಿಸಲಾಗದಷ್ಟು ತೀವ್ರವಾದ ಕಾಯಿಲೆ ಎಂದು ರುಜುವಾತಾಗಬೇಕು. ಮಾನಸಿಕ ಕಾಯಿಲೆ ಇದೆ ಎಂದಾಕ್ಷಣ ವ್ಯಕ್ತಿ ಬುದ್ಧಿಭ್ರಮಣೆಯವನಲ್ಲ, ಅದನ್ನು ನ್ಯಾಯಾಲಯವೇ ಹೇಳಬೇಕು ಎಂದು 2017ರ ಕಾಯ್ದೆಯ ಸೆಕ್ಷನ್ 3 ಸ್ಪಷ್ಟಪಡಿಸಿದೆ.

ನಿಮ್ಮ ಕಾಯಿಲೆ, ಔಷಧದ ವಿವರವನ್ನು ಆಸ್ಪತ್ರೆಯವರು ಕಚೇರಿಗೋ ನೆಂಟರಿಗೋ ಹೇಳುವಂತಿಲ್ಲ. ಸೆಕ್ಷನ್ 23ರ ಗೋಪ್ಯತೆಗೆ ಜೀವಾಪಾಯ, ನ್ಯಾಯಾಲಯದ ಆದೇಶದಂಥ ಕೆಲವೇ ವಿನಾಯಿತಿಗಳಿವೆ. ನೌಕರಿಯ ವಿಷಯಕ್ಕೆ 2021ರ ಡಿಸೆಂಬರ್ 17ರ ಸುಪ್ರೀಂ ಕೋರ್ಟ್ ತೀರ್ಪು ನೋಡಿ. ಗೀಳು ಮತ್ತು ಖಿನ್ನತೆ ಇದ್ದ ಸಿಆರ್‌ಪಿಎಫ್ ಅಧಿಕಾರಿಯೊಬ್ಬರ ಮೇಲೆ ಶಿಸ್ತುಕ್ರಮ ನಡೆದಿತ್ತು. ದುರ್ನಡತೆಗೆ ಮಾನಸಿಕ ಅಂಗವೈಕಲ್ಯ ಒಂದೇ ಕಾರಣವಾಗಿರಬೇಕಿಲ್ಲ, ಕಾರಣಗಳಲ್ಲಿ ಒಂದಾಗಿದ್ದರೂ ಅಂಥ ಕ್ರಮ ತಾರತಮ್ಯವೇ ಎಂದಿತು ನ್ಯಾಯಾಲಯ. ಹೀಗೆ ಕಾಪಾಡುವುದು ಅಂಗವಿಕಲರ ಹಕ್ಕುಗಳ ಕಾಯ್ದೆ, 2016. ಗೀಳು ತೀವ್ರವಾಗಿದ್ದರೆ ಅಂಗವೈಕಲ್ಯದ ಪ್ರಮಾಣಪತ್ರಕ್ಕೆ ಅರ್ಜಿ ಹಾಕಬಹುದು. ವಿಮೆ ಕಂಪನಿಗಳು ದೇಹದ ಕಾಯಿಲೆಯಂತೆಯೇ ಮನಸ್ಸಿನ ಕಾಯಿಲೆಗೂ ರಕ್ಷಣೆ ಕೊಡಬೇಕು ಎಂಬುದು ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ ಸೆಕ್ಷನ್ 21. ಪಾಲಿಸಿ ಅರ್ಜಿಯಲ್ಲಿ ಔಷಧದ ವಿಷಯ ಮುಚ್ಚಿಡಬೇಡಿ, ಕ್ಲೇಮ್ ತಿರಸ್ಕಾರಕ್ಕೆ ಅದೇ ನೆಪವಾಗುತ್ತದೆ.

ದೂರು ಎಲ್ಲಿಗೆ?

ಚೀಟಿ ಇಲ್ಲದೆ ಮಾರಿದರೆ, ಮಾತ್ರೆ ಬದಲಿಸಿ ಕೊಟ್ಟರೆ, ಅವಧಿ ಮೀರಿದ್ದು ಕೊಟ್ಟರೆ ಜಿಲ್ಲೆಯ ಸಹಾಯಕ ಔಷಧ ನಿಯಂತ್ರಕರಿಗೆ ಬರೆಯಿರಿ. ಮಾತ್ರೆಯ ಗುಣಮಟ್ಟದ ಮೇಲೆ ಅನುಮಾನವಿದ್ದರೆ, ಕೊಂಡ ಯಾರೇ ಆದರೂ ಶುಲ್ಕ ಕಟ್ಟಿ ಸರ್ಕಾರಿ ವಿಶ್ಲೇಷಕರಿಂದ ಪರೀಕ್ಷೆ ಮಾಡಿಸಬಹುದು. 1940ರ ಔಷಧ ಕಾಯ್ದೆಯ ಸೆಕ್ಷನ್ 26 ಕೊಟ್ಟಿರುವ ಈ ಹಕ್ಕನ್ನು ಬಳಸುವವರು ನನಗೆ ಕಂಡಿದ್ದು ಕಡಿಮೆ. ಅಡ್ಡಪರಿಣಾಮವನ್ನು ರೋಗಿಯೇ ವರದಿ ಮಾಡಲು 1800-180-3024 ಎಂಬ ಉಚಿತ ಸಂಖ್ಯೆ ಇದೆ, ಕನ್ನಡದ ನಮೂನೆಯೂ ಸಿಗುತ್ತದೆ. ಆಸ್ಪತ್ರೆಯ ಲೋಪವಿದ್ದರೆ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ ಸೆಕ್ಷನ್ 28ರಂತೆ ಮೊದಲು ಅಲ್ಲಿನ ಮುಖ್ಯಸ್ಥರಿಗೆ, ಉತ್ತರ ತೃಪ್ತಿ ಕೊಡದಿದ್ದರೆ ಮಾನಸಿಕ ಆರೋಗ್ಯ ಪುನರ್‌ವಿಮರ್ಶಾ ಮಂಡಳಿಗೆ. ವೈದ್ಯರ ವೃತ್ತಿ ನಡತೆಯ ದೂರು ಕರ್ನಾಟಕ ವೈದ್ಯಕೀಯ ಪರಿಷತ್ತಿಗೆ. ದುಡ್ಡು ಕೊಟ್ಟು ಪಡೆದ ಸೇವೆಯಲ್ಲಿ ನಷ್ಟವಾಗಿದ್ದರೆ ಎರಡು ವರ್ಷದೊಳಗೆ ಜಿಲ್ಲಾ ಗ್ರಾಹಕ ಆಯೋಗಕ್ಕೆ. ವಕೀಲರ ಖರ್ಚಿಗೆ ಹೆದರಬೇಕಿಲ್ಲ. ಮನೋರೋಗ ಇರುವವರಿಗೆ ಉಚಿತ ಕಾನೂನು ನೆರವಿನ ಹಕ್ಕಿದೆ. ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರ ನ್ಯಾಯಾಲಯದ ಆವರಣದಲ್ಲೇ ಇರುತ್ತದೆ, 15100ಕ್ಕೆ ಕರೆ ಮಾಡಿದರೂ ಆಗುತ್ತದೆ. ದೂರಿನ ಜೊತೆ ಚೀಟಿ, ಬಿಲ್ಲು, ಬ್ಯಾಚ್ ಸಂಖ್ಯೆ ಕಾಣುವಂತೆ ಸ್ಟ್ರಿಪ್ಪಿನ ಫೋಟೊ ಲಗತ್ತಿಸಿ. ಸ್ವೀಕೃತಿಯ ಮುದ್ರೆ ಬೀಳುವ ತನಕ ಆ ಕಚೇರಿಯ ಬೆಂಚಿನಿಂದ ಏಳಬೇಡಿ.