ಹಳೆಯ ಮೋಟಾರು ಕಾರಿನ ಮುಂದೀಪಗಳು ಮಂಕಾದಾಗ ಮಾಡತಕ್ಕ ಪರೀಕ್ಷೆ

ಬೈರಸಂದ್ರ, ತಾವರೆಕೆರೆ, ಮಡಿವಾಳ ಎಂಬ ಮೂರು ಗ್ರಾಮಗಳ ಇಂಗ್ಲಿಷ್ ಮೊದಲಕ್ಷರಗಳಿಂದ ಬೆಂಗಳೂರಿನ ಬಿಟಿಎಂ ಲೇಔಟಿಗೆ ಆ ಹೆಸರು ಬಂದಿದೆ. ಅಲ್ಲಿ ಮನೆ ಮಾಡಿಕೊಂಡು ಮದ್ದೂರು, ಕನಕಪುರಗಳ ಕಡೆ ಜಮೀನು ಮಾಡಿಸುವ ಗೃಹಸ್ಥರಲ್ಲಿ ಕೆಲವರು, 2014ರಲ್ಲಿ ತಯಾರಿಕೆ ನಿಂತುಹೋದ ಅಂಬಾಸಡರ್ ಕಾರನ್ನಾಗಲಿ ಅದಕ್ಕೂ ಹಿಂದಿನ ಮಾರಿಸ್ ಕಾರನ್ನಾಗಲಿ ಬಿಡದೆ ಇಟ್ಟುಕೊಂಡಿರುವುದುಂಟು. ಮಳೆಗಾಲವೆಲ್ಲ ಬಯಲಿನಲ್ಲಿ ನಿಂತ ಇಂಥ ಗಾಡಿಯನ್ನು ಸುಗ್ಗಿಯ ಕಾಲದಲ್ಲಿ ರಾತ್ರಿ ಊರಿಗೆ ಹೊರಡಿಸಿದಾಗ ದೀಪಗಳು ಹಣತೆಯಂತೆ ಉರಿಯುತ್ತವೆ. ದಾರಿಯಲ್ಲಿ ಹಿಂದೀಪವಿಲ್ಲದ ಕಬ್ಬಿನ ಗಾಡಿಗಳಿರುತ್ತವೆ, ರಸ್ತೆಯನ್ನೇ ಕಣವಾಗಿಸಿ ಹುರುಳಿಯನ್ನು ಹರಡಿರುತ್ತಾರೆ. (ಈ ಎರಡನೆಯ ಪದ್ಧತಿಯನ್ನು ಗ್ರಾಮದ ಯಜಮಾನರು ತಡೆಯುವುದೇ ಲೇಸು.) ಎತ್ತು, ಗಾಡಿ ಹೊಡೆಯುವವನು, ಕಾರಿನಲ್ಲಿರುವವರು, ಎಲ್ಲರ ಪ್ರಾಣವೂ ಆ ಬೆಳಕನ್ನೇ ನೆಚ್ಚಿಕೊಂಡಿರುತ್ತದೆ.

ಬೆಳಕು ಕುಂದಿದೊಡನೆ ಬಲ್ಬನ್ನು ಬದಲಾಯಿಸಿ ಹೆಚ್ಚು ವ್ಯಾಟಿನದನ್ನು ಹಾಕಿಸುವುದು ಸಾಮಾನ್ಯ. ಇದು ತಪ್ಪು. ದೋಷವು ಬಹುಮಟ್ಟಿಗೆ ತಂತಿಯ ಕೂಡಿಕೆಗಳಲ್ಲಿರುತ್ತದೆ, ಅದರಲ್ಲಿಯೂ ಮೇಸ್ತ್ರಿಗಳು ಅರ್ತ್ ಎಂದು ಕರೆಯುವ ಹಿಂದಾರಿಯಲ್ಲಿ. ಬ್ಯಾಟರಿಯಿಂದ ಬಲ್ಬಿಗೆ ಹೋದ ವಿದ್ಯುತ್ತು ಗಾಡಿಯ ಕಬ್ಬಿಣದ ಒಡಲಿನ ಮೂಲಕ ಬ್ಯಾಟರಿಗೆ ಮರಳಬೇಕು. ಕಪಿಲೆಯ ಎತ್ತುಗಳು ಇಳಿಜಾರಿನಲ್ಲಿ ಮುಂದೆ ಹೋದಂತೆಯೇ ಹಿಂದಕ್ಕೂ ಬರಬೇಕಷ್ಟೆ. ಹಿಂದಿರುಗುವ ಹಾದಿ ಕೆಟ್ಟರೆ ಬಾವಿಯಲ್ಲಿ ನೀರಿದ್ದರೂ ಗದ್ದೆಗೆ ಬಾರದು. ದೀಪದ ಬುಡದ ಕಪ್ಪು ತಂತಿಯ ಸ್ಕ್ರೂ ತುಕ್ಕು ಹಿಡಿದಿದ್ದರೆ ಇಲ್ಲಿಯೂ ಹಾಗೆಯೇ ಆಗುತ್ತದೆ. ಬಲ್ಬಿಗೆ 12 ವೋಲ್ಟಿನ ಬದಲು ಹತ್ತೂವರೆ ವೋಲ್ಟು ಮಾತ್ರ ದೊರೆತರೆ ಬೆಳಕು ಎಂಟರಲ್ಲಿ ಒಂದು ಪಾಲಲ್ಲ, ಸುಮಾರು ಮೂರರಲ್ಲಿ ಒಂದು ಪಾಲು ಕಡಮೆಯಾಗುತ್ತದೆ.

ಪರೀಕ್ಷೆ ಸುಲಭ. ದೀಪವನ್ನು ಉರಿಸಿ, ದಪ್ಪನೆಯ ತಂತಿಯೊಂದರ ಒಂದು ತುದಿಯನ್ನು ದೀಪದ ಕಪ್ಪು ತಂತಿಯ ಕೂಡಿಕೆಗೂ ಇನ್ನೊಂದನ್ನು ಬ್ಯಾಟರಿಯಿಂದ ಗಾಡಿಯ ಒಡಲಿಗೆ ಸೇರಿರುವ ತುದಿಗೂ ತಾಗಿಸಬೇಕು. ದೀಪವು ಒಡನೆಯೇ ಬೆಳಗಿದರೆ ದೋಷವು ಹಿಂದಾರಿಯದೇ. ಆ ತುದಿಯು ನೆಗೆಟಿವ್ ಎಂದು ನೋಡದೆ ನಂಬತಕ್ಕದ್ದಲ್ಲ: 1960ರ ದಶಕದ ನಡುಗಾಲದವರೆಗಿನ ಬ್ರಿಟಿಷ್ ಕಾರುಗಳಲ್ಲಿ ಸಾಮಾನ್ಯವಾಗಿ ಪಾಸಿಟಿವ್ ತುದಿಯನ್ನೇ ಒಡಲಿಗೆ ಸೇರಿಸುತ್ತಿದ್ದರು. ದೋಷ ತಿಳಿದ ಮೇಲೆ ಬ್ಯಾಟರಿಯ ತಂತಿಯನ್ನು ಬಿಚ್ಚಿ, ಸ್ಕ್ರೂ ಕೂಡುವೆಡೆಯ ಬಣ್ಣವನ್ನೂ ತುಕ್ಕನ್ನೂ ಉಜ್ಜುಕಾಗದದಿಂದ ತಿಕ್ಕಿ ಲೋಹವು ಹೊಳೆಯುವಂತೆ ಮಾಡಿ, ಬಿಗಿಯಾಗಿ ಕೂಡಿಸಿ ಮೇಲೆ ಗ್ರೀಸು ಬಳಿಯಬೇಕು.

ಒಂದೇ ದೀಪ ಮಂಕಾಗಿದ್ದರೆ ಆ ದೀಪದ ಬುಡವನ್ನೇ ನೋಡತಕ್ಕದ್ದು. ಎರಡೂ ಮಂಕಾಗಿದ್ದರೆ ಎರಡಕ್ಕೂ ಸೇರಿದ ಭಾಗಗಳಾದ ಬ್ಯಾಟರಿಯ ತುದಿಗಳು, ಸ್ವಿಚ್ಚು, ಡಿಪ್ಪರ್ ಇವುಗಳನ್ನು ಶೋಧಿಸಬೇಕು. ಕಾಲಿನಿಂದ ಒತ್ತುವ ಡಿಪ್ಪರಿರುವ ಗಾಡಿಗಳಲ್ಲಿ ಗದ್ದೆಯ ಕೆಸರು ಕಾಲಿನೊಂದಿಗೆ ಬಂದು ಅದರೊಳಗೇ ಸೇರುತ್ತದೆ. ಬ್ರಿಟಿಷ್ ಮಾದರಿಯ ಗಾಡಿಗಳಲ್ಲಿ ಸ್ವಿಚ್ಚಿನಿಂದ ಡಿಪ್ಪರಿಗೆ ನೀಲಿ ತಂತಿ, ದೂರದ ಬೆಳಕಿಗೆ ಬಿಳಿ ಗೆರೆಯ ನೀಲಿ, ತಗ್ಗಿದ ಬೆಳಕಿಗೆ ಕೆಂಪು ಗೆರೆಯ ನೀಲಿ. ಹಿಂದಿನ ಮೇಸ್ತ್ರಿಯು ಕೈಗೆ ಸಿಕ್ಕ ಬಣ್ಣದ ತಂತಿಯನ್ನು ಹೊಂದಿಸಿದ್ದರೆ ಈ ಗುರುತು ಸಾಗದು.

ಫ್ಯೂಸು ಪದೇ ಪದೇ ಸುಟ್ಟರೆ ತಂತಿಯ ಹೊದಿಕೆ ಎಲ್ಲಿಯೋ ಹರಿದಿದೆಯೆಂದೇ ತಿಳಿಯಬೇಕು. ತಗಡಿನ ರಂಧ್ರಗಳಲ್ಲಿ ರಬ್ಬರಿನ ಬಳೆ ಉದುರಿದೆಡೆ, ಇಲಿ ಕಡಿದೆಡೆ ಇದು ಹೆಚ್ಚು. ಫ್ಯೂಸಿನ ಬದಲು ಮೊಳೆಯನ್ನಾಗಲಿ ಬೆಳ್ಳಿಕಾಗದವನ್ನಾಗಲಿ ಇಡಕೂಡದು. ತಂತಿಗಳ ಕಟ್ಟಿಗೆಲ್ಲ ಬೆಂಕಿ ಹತ್ತುತ್ತದೆ. ಮುಂದೀಪಕ್ಕೆ ಫ್ಯೂಸೇ ಇಲ್ಲದ ಹಳೆಯ ಗಾಡಿಗಳೂ ಉಂಟು. 55 ವ್ಯಾಟಿನ ಎರಡು ಬಲ್ಬುಗಳು ಸುಮಾರು 9 ಆಂಪಿಯರನ್ನು ಎಳೆಯುವುದರಿಂದ, ಅಂಥವಕ್ಕೆ ಫ್ಯೂಸಿನೊಡನೆ ರಿಲೇಯನ್ನೂ ಹಾಕಿಸಿದರೆ ಹಳೆಯ ಸ್ವಿಚ್ಚಿನ ಮೇಲಿನ ಭಾರ ತಪ್ಪುತ್ತದೆ. ಈ ಸಾಮಾನು ಬೆಂಗಳೂರಿನ ಜೆ. ಸಿ. ರಸ್ತೆಯ ಅಂಗಡಿಗಳಲ್ಲಿ ದೊರೆಯುತ್ತದೆ.

ಕಡೆಯದಾಗಿ ಬೆಳಕಿನ ನೇರವನ್ನು ಗೋಡೆಯ ಮುಂದೆ ಸರಿಪಡಿಸುವಾಗ, ಊರಿನಿಂದ ತರುವಷ್ಟೇ ತೂಕದ ರಾಗಿಯ ಮೂಟೆಗಳನ್ನು ಡಿಕ್ಕಿಯಲ್ಲಿ ಇಟ್ಟಿರಬೇಕು. ಹಿಂಭಾಗ ಕುಸಿದರೆ ಮುಂದೀಪಗಳು ಮೇಲಕ್ಕೆದ್ದು ಎದುರಿನವರ ಕಣ್ಣು ಕುಕ್ಕುತ್ತವೆ.