ಎದ್ದು ನಿಂತಾಗ ತಲೆಸುತ್ತು: ಹಿರಿಯರ ಹೃದಯ ಮತ್ತು ದೇಹದ ಸಮತೋಲನ

ಕದ್ರಿ ಮಂಜುನಾಥ ದೇವಾಲಯದಿಂದ ಗುಡ್ಡದ ಮೇಲಿನ ಜೋಗಿ ಮಠದತ್ತ ಏರುವಾಗ ಹಿರಿಯರು ನಡುವೆ ನಿಂತು, ಮಂಡಿ ಸೋತಿತೆನ್ನುವುದುಂಟು. ಅಂಗಡಿಯ ಗಲ್ಲೆಯ ಮುಂದೆ ಗಂಟೆಗಟ್ಟಲೆ ಕುಳಿತು ಥಟ್ಟನೆ ಎದ್ದವರು ಮೇಜನ್ನು ಹಿಡಿದುಕೊಳ್ಳುವುದೂ ಉಂಟು. ಇವೆರಡಕ್ಕೂ ಕಾರಣ ಕಾಲಿನಲ್ಲೇ ಇರಬೇಕೆಂದಿಲ್ಲ. ರಕ್ತ ಪರಿಚಲನೆಯಲ್ಲಿಯೂ ಇರಬಹುದು.

ನಾವು ಎದ್ದು ನಿಂತೊಡನೆ ಅರ್ಧ ಲೀಟರಿನಷ್ಟು ಅಥವಾ ಅದಕ್ಕೂ ಮಿಕ್ಕಿದ ರಕ್ತವು ಹೊಟ್ಟೆ, ಕಾಲುಗಳತ್ತ ಇಳಿಯುತ್ತದೆ. ಕುತ್ತಿಗೆಯ ಹಾಗೂ ಹೃದಯದ ಸಮೀಪದ ಅಪಧಮನಿಗಳಲ್ಲಿರುವ ನರತಂತುಗಳು ಒತ್ತಡದ ಇಳಿತವನ್ನು ಗುರುತಿಸುತ್ತವೆ. ಹೃದಯ ಬಡಿತ ಹೆಚ್ಚಿ, ರಕ್ತನಾಳಗಳು ಬಿಗಿಯುತ್ತವೆ. ವಯಸ್ಸು, ರಕ್ತದೊತ್ತಡ, ಮಧುಮೇಹಗಳಿಂದ ಅಪಧಮನಿಗಳು ಪೆಡಸಾದಾಗ, ನರಗಳು ದುರ್ಬಲವಾದಾಗ, ಈ ಏರ್ಪಾಡು ನಿಧಾನವಾಗುತ್ತದೆ. ಅಷ್ಟರಲ್ಲಿ ಮಿದುಳಿಗೆ ರಕ್ತ ಸಾಲದೆ ಕಣ್ಣು ಕತ್ತಲಿಟ್ಟು ಹೆಜ್ಜೆ ತಪ್ಪುತ್ತದೆ. ಹೃದಯದ ಅನಿಯಮಿತ ಬಡಿತವೂ ಹೀಗೆಯೇ ಬೀಳಿಸಬಲ್ಲದು.

ಕುಳಿತಾಗ ನೋಡಿದ ಒಂದೇ ಅಂಕಿಯನ್ನು ನಂಬುವುದು, ಒಂದು ದಿನದ ನಗದು ಶಿಲ್ಕಿನಿಂದ ಇಡೀ ವರ್ಷದ ವ್ಯಾಪಾರವನ್ನು ಅಳೆದಂತೆ. ಮಲಗಿದ್ದಾಗಲೂ ನಿಂತಾಗಲೂ ರಕ್ತದೊತ್ತಡ ನೋಡುವಂತೆ ವೈದ್ಯರನ್ನು ಕೇಳಬೇಕು. ನಿಂತ 3 ನಿಮಿಷಗಳೊಳಗೆ ಮೇಲಿನ ಅಂಕಿ 20 ಅಥವಾ ಕೆಳಗಿನ ಅಂಕಿ 10 ಇಳಿದರೆ ಅದು ಗಮನಿಸಲೇಬೇಕಾದ ಸಂಗತಿ.

ಹಾಗೆಂದು ರಕ್ತದೊತ್ತಡದ ಮಾತ್ರೆಯನ್ನು ತಾವಾಗಿಯೇ ನಿಲ್ಲಿಸಕೂಡದು. ಪಾರ್ಶ್ವವಾಯುವಿನ ಅಪಾಯ ಅದಕ್ಕಿಂತ ದೊಡ್ಡದು. ಮೂತ್ರ ಹೆಚ್ಚಿಸುವ ಮಾತ್ರೆ, ಪ್ರಾಸ್ಟೇಟ್ ಗ್ರಂಥಿಯ ಔಷಧ, ನಿದ್ದೆ ಮಾತ್ರೆ ಇವೆಲ್ಲವೂ ಇದರಲ್ಲಿ ಪಾಲುದಾರರಾಗಬಹುದು. ಆದುದರಿಂದ ಎಲ್ಲ ಔಷಧಗಳ ಪಟ್ಟಿಯನ್ನು ಒಬ್ಬರೇ ವೈದ್ಯರ ಮುಂದಿಡುವುದು ಲೇಸು. ನಮ್ಮ ಕರಾವಳಿಯ ಏಪ್ರಿಲ್–ಮೇ ಸೆಕೆಯಲ್ಲಿ ಬೆವರಿ ನೀರು ಕಡಿಮೆಯಾದಾಗಲೂ, ಭಾರೀ ಊಟದ ಬಳಿಕವೂ ಒತ್ತಡ ಇಳಿಯುವುದುಂಟು. ಹಾಸಿಗೆಯಿಂದ ಏಳುವಾಗ ಒಂದೆರಡು ನಿಮಿಷ ಅಂಚಿನಲ್ಲಿ ಕುಳಿತು ಪಾದಗಳನ್ನು ಆಡಿಸಿ ಏಳಬೇಕು. ಕದ್ರಿ ಪಾರ್ಕಿನಲ್ಲಿ ನಿತ್ಯ ನಡೆಯುವ ಅಭ್ಯಾಸ ಹೃದಯಕ್ಕೂ ಕಾಲಿನ ಸ್ನಾಯುಗಳಿಗೂ ಹಿತ. ರಕ್ತ ಹೆಪ್ಪುಗಟ್ಟದಂತೆ ಔಷಧ ಸೇವಿಸುವವರು ಬಿದ್ದು ತಲೆಗೆ ಪೆಟ್ಟಾದರೆ, ಹೊರಗೆ ಗಾಯ ಕಾಣದಿದ್ದರೂ ಕೂಡಲೇ ಆಸ್ಪತ್ರೆಗೆ ಹೋಗತಕ್ಕದ್ದು.

ಇನ್ನು ನನ್ನ ವೃತ್ತಿಗೆ ಸಂಬಂಧಿಸಿದ ಒಂದು ಮಾತು. ಹಳೆಯ ತೆರಿಗೆ ಪದ್ಧತಿಯಲ್ಲಿರುವವರಿಗೆ, ತಮ್ಮ ಅಥವಾ ತಂದೆತಾಯಿಯರ ಮುಂಜಾಗ್ರತಾ ಆರೋಗ್ಯ ತಪಾಸಣೆಯ ವೆಚ್ಚದಲ್ಲಿ ರೂ. 5,000ರವರೆಗೆ, ವೈದ್ಯಕೀಯ ವಿಮೆಯ ಒಟ್ಟು ಮಿತಿಯೊಳಗೆ, ಕಡಿತ ದೊರೆಯುತ್ತದೆ. ಇದನ್ನು ನಗದಾಗಿ ಪಾವತಿಸಿದರೂ ಸಲ್ಲುತ್ತದೆ, ರಶೀದಿ ಜೋಪಾನವಾಗಿರಲಿ.